ಪಾವಲಿಗೆ ಸೈ, ಹತ್ತು ಪೈಸೆಗೆ ತಕರಾರು

(ವಿಜಯಪುರದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಶಾಲಾ ಶಿಕ್ಷಕರ ಎದುರು ಆಡಿದ ಮಾತಿನ ಬರಹ ರೂಪ. ತೆರೆಯ ಮೇಲೆ ತೋರಿಸಿದ ಪ್ರೋಗ್ರಾಂಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಯಂತ್ರದ ಮುಂದೆ ಕೂತಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕು.)

ಎಲ್ಲರಿಗೂ ನಮಸ್ಕಾರ. ಹಳೆಯ ಕಂಪ್ಯೂಟರಿನ ಬಗ್ಗೆ ಮಾತಾಡ್ತೀನಿ ಅಂದಾಗ ಸಂಘಟಕರು, "ಸರ್ರ, ಹುಡುಗರು ಎದ್ದು ಹೋದಾರ ನೋಡ್ರಿ" ಅಂತ ಎಚ್ಚರಿಸಿದರು. ಹೋಗೋರು ಹೋಗಬಹುದು, ಬಾಗಿಲು ತೆರೆದೇ ಇದೆ. ಕೂತವರಿಗೆ ಒಂದೇ ಮಾತು ಹೇಳಬೇಕಾಗಿದೆ. 1980ರ ದಶಕದ ಪುಟ್ಟ ಯಂತ್ರಗಳ ಮೇಲೆ ಬೇಸಿಕ್ ಎಂಬ ಪ್ರೋಗ್ರಾಂ ಭಾಷೆ ಕಲಿತವರಿಗೆ ಸಿಕ್ಕ ದೊಡ್ಡ ಲಾಭ ಆ ಭಾಷೆ ಸುಲಭವಾಗಿತ್ತು ಎಂಬುದಲ್ಲ. ಇಡೀ ಯಂತ್ರವೇ ಕೈಗೆ ಸಿಗುವಷ್ಟು ಸಣ್ಣದಿತ್ತು. ಅದು ಎಲ್ಲಿ ಎಡವುತ್ತದೆ, ಯಾಕೆ ಎಡವುತ್ತದೆ ಎಂಬುದು ಶಾಲೆಯ ಹುಡುಗನಿಗೂ ಗೊತ್ತಾಗುತ್ತಿತ್ತು.

ಇತಿಹಾಸವನ್ನು ಬೇಗ ಮುಗಿಸುತ್ತೇನೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಗಣಿತದ ಪ್ರಾಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಬೇಸಿಕ್ ಭಾಷೆಯನ್ನು ರೂಪಿಸಿದರು. ಮೊದಲ ಪ್ರೋಗ್ರಾಂ ಓಡಿದ್ದು 1964ರ ಮೇ 1ರಂದು, ಬೆಳಗಿನ ಜಾವ ನಾಲ್ಕಕ್ಕೆ. ವಿಜ್ಞಾನ ಓದದ ವಿದ್ಯಾರ್ಥಿಗಳಿಗೂ ಕಂಪ್ಯೂಟರ್ ಮುಟ್ಟಲು ಸಿಗಬೇಕು ಎಂಬುದು ಅವರ ಹಟ. ಒಂದೇ ದೊಡ್ಡ ಯಂತ್ರ, ಅದಕ್ಕೆ ಟೈಪ್ ಮಾಡಿ ಕಳಿಸುವ, ಉತ್ತರವನ್ನು ಕಾಗದದ ಮೇಲೆ ಒತ್ತುವ ಹಲವು ಟೆಲಿಟೈಪ್‌ಗಳು, ಎಲ್ಲರೂ ಹಂಚಿಕೊಂಡು ಬಳಸುವ ವ್ಯವಸ್ಥೆ. ಮೊದಲ ಆವೃತ್ತಿಯಲ್ಲಿದ್ದ ಆಜ್ಞೆಗಳು ಹದಿನೈದರ ಆಸುಪಾಸು. ಇವತ್ತು ನಾವು ಬೇಸಿಕ್‌ನ ಪ್ರಾಣ ಅಂತ ತಿಳಿದಿರುವ ಇನ್‌ಪುಟ್ ಆಜ್ಞೆ, ಅಂದರೆ ಓಡುವಾಗ ಬಳಸುವವನಿಂದ ಉತ್ತರ ಕೇಳುವುದು, ಅದರಲ್ಲಿ ಇರಲೇ ಇಲ್ಲ, ಆಮೇಲೆ ಬಂತು. 1975ರಲ್ಲಿ ಆಲ್ಟೇರ್ ಎಂಬ ಕಿಟ್ ಯಂತ್ರಕ್ಕೆ ಬಿಲ್ ಗೇಟ್ಸ್, ಪಾಲ್ ಆಲನ್ ಮತ್ತು ಮಾಂಟಿ ಡೇವಿಡಾಫ್ ಬೇಸಿಕ್ ಬರೆದುಕೊಟ್ಟರು. 1977ರಲ್ಲಿ ಆಪಲ್ 2, ಕಮೊಡೋರ್ ಪೆಟ್, ಟಿಆರ್‌ಎಸ್-80 ಬಂದವು. 1982ರ ಹೊತ್ತಿಗೆ ಸಿಂಕ್ಲೇರ್ ಸ್ಪೆಕ್ಟ್ರಮ್, ಕಮೊಡೋರ್ 64. ನಾನು ಹೆಚ್ಚು ಹೇಳಲಿರುವುದು ಬಿಬಿಸಿ ಮೈಕ್ರೋ ಬಗ್ಗೆ. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರಲ್ಲಿ ತಂದ ಯಂತ್ರ ಅದು.

ಬಿಬಿಸಿ ಮೈಕ್ರೋ ಯಾಕೆ ಅಂದರೆ, ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಅದೇ. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ಕ್ಲಾಸ್ ಎಂಬ ಯೋಜನೆ ಶುರು ಮಾಡಿತು. ಮೊದಲ ಸುತ್ತಿನಲ್ಲಿ ಆರಿಸಿಕೊಂಡದ್ದು ಸುಮಾರು 250 ಶಾಲೆಗಳನ್ನು. ಈ ಸಭೆಯಲ್ಲಿ ತಲೆ ನರೆತ ಕೆಲವರು ನಗುತ್ತಿರುವುದು ಕಾಣಿಸುತ್ತಿದೆ. ಪ್ಲಾಸ್ಟಿಕ್ ಹೊದಿಕೆ ಹೊದ್ದು ಬೀಗ ಹಾಕಿದ ಕೋಣೆಯಲ್ಲಿ ಕೂತಿರುತ್ತಿದ್ದ, ಕೆಂಪು ಫಂಕ್ಷನ್ ಕೀಗಳ ಆ ಪೆಟ್ಟಿಗೆ ನಿಮಗೂ ನೆನಪಿರಬೇಕು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಧೂಳಿಗೆ ಹೆದರಿಯೋ ಭಕ್ತಿಗೋ, ನನಗಂತೂ ಇವತ್ತಿಗೂ ಬಗೆಹರಿದಿಲ್ಲ.

ಸ್ವಿಚ್ ಹಾಕಿದರೆ ಬೀಪ್ ಅನ್ನುತ್ತಿತ್ತು. ತೆರೆಯ ಮೇಲೆ ಮೂರು ಮಾತು: ಬಿಬಿಸಿ ಕಂಪ್ಯೂಟರ್ 32ಕೆ, ಬೇಸಿಕ್, ಆಮೇಲೆ ಒಂದು ಬಾಣದ ಗುರುತು. ಮುಗಿಯಿತು. ಲಾಗಿನ್ ಇಲ್ಲ, ಐಕಾನ್ ಇಲ್ಲ, ಅಪ್‌ಡೇಟ್ ಆಗುವವರೆಗೆ ಕಾಯುವುದಿಲ್ಲ. ಬೇಸಿಕ್ ರಾಮ್‌ಗೆ (ಸ್ವಿಚ್ ಆರಿಸಿದರೆ ಅಳಿದುಹೋಗುವ ನೆನಪಿಗೆ) ಎಲ್ಲಿಂದಲೋ ಲೋಡ್ ಆಗಬೇಕಾದ ಸಾಫ್ಟ್‌ವೇರ್ ಆಗಿರಲಿಲ್ಲ. 16 ಕಿಲೋಬೈಟಿನ ಒಂದು ಚಿಪ್ಪಿನಲ್ಲಿ ಅದು ಕಾಯಂ ಕೂತಿತ್ತು. ಅದನ್ನು ಬರೆದವರು ಸೋಫಿ ವಿಲ್ಸನ್. ಆ ಬಾಣದ ಮುಂದೆ ಏನಾದರೂ ಬರೆಯದೆ ಯಂತ್ರದಿಂದ ಒಂದು ಕೆಲಸವೂ ಆಗುತ್ತಿರಲಿಲ್ಲ. ಆಟ ಆಡಬೇಕಾದರೂ ಆಜ್ಞೆ ಒತ್ತಬೇಕು. ಯಂತ್ರವನ್ನು ಬಳಸುವುದು, ಯಂತ್ರಕ್ಕೆ ಬರೆಯುವುದು ಎರಡು ಬೇರೆ ಕೆಲಸ ಆಗಿರಲೇ ಇಲ್ಲ. ಈಗಿನ ಮಕ್ಕಳಿಗೆ ಇವೆರಡರ ನಡುವೆ ದೊಡ್ಡ ಗೋಡೆ ಇದೆ. ಆ ಗೋಡೆಯ ಆಚೆ ಹೋಗಲು ಕೋರ್ಸ್ ಸೇರಬೇಕು, ಫೀ ಕಟ್ಟಬೇಕು.

ಇನ್ನೊಂದು ಸಂಗತಿ, ಶಿಕ್ಷಕರು ಗಮನಿಸಬೇಕು. ತಪ್ಪು ಬರೆದರೆ ಯಂತ್ರ ಆ ಕ್ಷಣಕ್ಕೇ ಹೇಳುತ್ತಿತ್ತು. 'ಮಿಸ್ಟೇಕ್' ಅಂತ ಒಂದೇ ಮಾತು, ಅಥವಾ '30ನೇ ಸಾಲಿನಲ್ಲಿ ಅಂಥ ಚರ ಇಲ್ಲ' ಅಂತ. ಚರ ಅಂದರೆ ಬೆಲೆ ಇಟ್ಟುಕೊಳ್ಳಲು ನಾವು ಕೊಟ್ಟ ಹೆಸರು. ಸ್ಪೆಕ್ಟ್ರಮ್ ಇನ್ನೂ ಬಿಗಿ. ವ್ಯಾಕರಣ ತಪ್ಪಿದ ಸಾಲನ್ನು ಅದು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಎಲ್ಲಿ ತಪ್ಪಿದೆಯೋ ಅಲ್ಲಿ ಮಿನುಗುವ ಪ್ರಶ್ನೆ ಚಿಹ್ನೆ ಇಟ್ಟು ಸುಮ್ಮನೆ ಕೂಡುತ್ತಿತ್ತು. ಕಮೊಡೋರ್ 64 ಮಾತ್ರ ಹೇಳದೆ ಕೇಳದೆ ಬಳಸಿದ ಚರಕ್ಕೆ ಸೊನ್ನೆ ಬೆಲೆ ಕೊಟ್ಟು ಮುಂದೆ ಹೋಗಿಬಿಡುತ್ತಿತ್ತು. ಕಲಿಯುವವನಿಗೆ ಈ ಉದಾರತೆ ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ. ಹೆಸರು ಒಂದಕ್ಷರ ತಪ್ಪಿದರೂ ಪ್ರೋಗ್ರಾಂ ಓಡುತ್ತದೆ, ಉತ್ತರ ಮಾತ್ರ ಸುಳ್ಳು ಬರುತ್ತದೆ.

ಸಾಲಿನ ಸಂಖ್ಯೆಯನ್ನು ನೋಡಿ ಈಗಿನವರು ನಗುತ್ತಾರೆ. 10, 20, 30 ಅಂತ ಯಾಕೆ? ಜೋಳದ ಹೊಲದಲ್ಲಿ ಅಕ್ಕಡಿಗೆ ಸಾಲು ಬಿಟ್ಟ ಹಾಗೆ, ನಡುವೆ ಮುಂದೆ ಏನೋ ಬಿತ್ತಬೇಕಾಗುತ್ತದೆ ಅಂತ. ಏನೋ ಮರೆತದ್ದು ನೆನಪಾದರೆ 15 ಅಂತ ಬರೆದು ಒತ್ತಿದರೆ ಅದು ತನ್ನ ಜಾಗಕ್ಕೆ ಹೋಗಿ ಕೂಡುತ್ತಿತ್ತು. ಜಾಗ ಸಾಲದಾದರೆ ರೀನಂಬರ್ ಎಂಬ ಆಜ್ಞೆ. ಮೌಸ್ ಇಲ್ಲದ, ಎಡಿಟರ್ ಇಲ್ಲದ ಕಾಲದಲ್ಲಿ ಸಾಲಿನ ಸಂಖ್ಯೆಯೇ ಎಡಿಟರ್.

ಈಗ ನನ್ನ ಇಷ್ಟದ ಭಾಗಕ್ಕೆ ಬರುತ್ತೇನೆ. ಮಗ್ಗಿ.

ಪ್ರೋಗ್ರಾಂ ಕಲಿಯುವವರೆಲ್ಲ ಮೊದಲು ಮಗ್ಗಿ ಬರೆಸುತ್ತಾರೆ. ನಡುವಿನದನ್ನು ಮತ್ತೆ ಮತ್ತೆ ಮಾಡಿಸುವ ಫಾರ್, ನೆಕ್ಸ್ಟ್ ಎರಡು ಸಾಲಿನಲ್ಲಿ ಹದಿನೇಳರ ಮಗ್ಗಿ ಬಂದುಬಿಡುತ್ತದೆ. ಆದರೆ ನಮ್ಮ ಕಡೆ ಹಿರಿಯರು ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಬಾಯಿಪಾಠ ಮಾಡಿದವರು. ಅಡತಿ ಅಂಗಡಿಯಲ್ಲಿ ಕೂತವರಿಗೆ ಅದು ಬೇಕೇಬೇಕು. ಹಾಗಾಗಿ ಸ್ಟೆಪ್ 0.25, ಅಂದರೆ ಪ್ರತಿ ಸಲ ಕಾಲು ಹೆಚ್ಚಿಸು ಅಂತ ಕೊಟ್ಟು ಪಾವಲಿ ಮಗ್ಗಿ ಬರೆಯಿಸಿ ನೋಡಿ. ಚೆಂದ ಬರುತ್ತದೆ. ನಾಲ್ಕು ಪಾವಲಿ ಕೂಡಿಸಿ, ಮೊತ್ತ ಒಂದು ರೂಪಾಯಿಗೆ ಸಮವೇ ಅಂತ ಇಫ್ ಹಾಕಿ ಕೇಳಿದರೆ, ಹೌದು ಅನ್ನುತ್ತದೆ.

ಈಗ ಹತ್ತು ಪೈಸೆ, ಅಂದರೆ 0.1, ಹತ್ತು ಸಲ ಕೂಡಿಸಿ. ನನ್ನ ಲ್ಯಾಪ್‌ಟಾಪಿನ ಪೈಥಾನ್‌ನಲ್ಲೇ ಮಾಡಿ ತೋರಿಸುತ್ತೇನೆ, ಅದು ಈಗಿನ ಪ್ರೋಗ್ರಾಂ ಭಾಷೆ, ಇದು ಹಳೆ ಯಂತ್ರದ ರೋಗ ಅಂತ ಯಾರೂ ಅನ್ನಬಾರದು. ನೋಡಿ: 0.9999999999999999. ಒಂದು ರೂಪಾಯಿಗೆ ಸಮವೇ ಅಂದರೆ, ಅಲ್ಲ ಅನ್ನುತ್ತದೆ.

(ಮುಂದಿನ ಸಾಲಿನಿಂದ ಒಬ್ಬ ಹುಡುಗಿ: "ಸರ್ರ, ಪಾವಲಿಗೆ ಯಾಕ್ ತಪ್ಪಲಿಲ್ಲರಿ ಹಂಗಾರ?")

ಸರಿಯಾದ ಪ್ರಶ್ನೆ ಕೇಳಿದಿ ತಂಗಿ. ಯಂತ್ರಕ್ಕೆ ಗೊತ್ತಿರುವುದು ಎರಡರ ಲೆಕ್ಕ. ಅರ್ಧ, ಅರ್ಧದ ಅರ್ಧ, ಅದರ ಅರ್ಧ, ಹೀಗೆ ಒಡೆಯುತ್ತಾ ಹೋದರೆ ಸಿಗುವ ಭಾಗಗಳನ್ನೆಲ್ಲ ಅದು ಒಂದಿಷ್ಟೂ ಕೊರೆ ಇಲ್ಲದೆ ಬರೆದಿಡಬಲ್ಲದು. ಪಾವಲಿ ಎಂದರೆ ನಾಲ್ಕನೇ ಒಂದು, ಎರಡು ಸಲ ಅರ್ಧ ಮಾಡಿದರೆ ಬಂತು. ಹತ್ತನೇ ಒಂದು ಭಾಗ ಎಷ್ಟು ಸಲ ಅರ್ಧ ಮಾಡಿದರೂ ಬರುವುದಿಲ್ಲ. ನಾವು ಮೂರನೇ ಒಂದನ್ನು ದಶಮಾಂಶದಲ್ಲಿ ಬರೆಯಹೊರಟರೆ 0.333 ಅಂತ ಮುಗಿಯದ ಹಾಗೆ, ಯಂತ್ರಕ್ಕೆ ಹತ್ತನೇ ಒಂದು ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಿ ಇಟ್ಟುಕೊಳ್ಳುತ್ತದೆ. ಬಿಬಿಸಿ ಮೈಕ್ರೋ ಒಂದು ದಶಮಾಂಶ ಸಂಖ್ಯೆಗೆ ಐದು ಬೈಟ್ ಕೊಡುತ್ತಿತ್ತು, ಪೈಥಾನ್ ಎಂಟು ಬೈಟ್ ಕೊಡುತ್ತದೆ. ಕತ್ತರಿಸುವ ಜಾಗ ಮುಂದೆ ಹೋಯಿತು, ಕತ್ತರಿಸುವುದು ತಪ್ಪಲಿಲ್ಲ. ಅದೂ ಅಲ್ಲದೆ ಆ ಹಳೆ ಬೇಸಿಕ್ ತೆರೆಗೆ ಸಾಮಾನ್ಯವಾಗಿ ಒಂಬತ್ತು ಅಂಕೆ ತೋರಿಸುತ್ತಿತ್ತು. ಕಣ್ಣಿಗೆ ಎಲ್ಲ ಸರಿ ಕಂಡರೂ ಇಫ್ ಒಪ್ಪದೆ ಹೋಗಬಹುದು. ಮಕ್ಕಳು ತಲೆ ಕೆರೆದುಕೊಳ್ಳುತ್ತಿದ್ದದ್ದು ಇಲ್ಲಿಯೇ.

ಇದಕ್ಕೆ ನನ್ನದೊಂದು ಅಡ್ಡಮಾತು. 1957ರ ಏಪ್ರಿಲ್ 1ರವರೆಗೆ ನಮ್ಮ ರೂಪಾಯಿಗೆ 16 ಆಣೆ, 64 ಹಳೇ ಪೈಸೆ. ಎರಡೂ ಅರ್ಧ ಮಾಡುತ್ತಾ ಹೋದರೆ ಸಿಗುವ ಭಾಗಗಳು. ಅಂದರೆ ಆಣೆಯ ಲೆಕ್ಕವನ್ನು ಈ ಯಂತ್ರಗಳು ಒಂದು ಕೂದಲಷ್ಟೂ ತಪ್ಪದೆ ಮಾಡುತ್ತಿದ್ದವು. ಲೆಕ್ಕ ಸುಲಭವಾಗಲಿ ಅಂತ ನಾವು ನೂರು ಪೈಸೆಗೆ ಬದಲಾದೆವು. ಮನುಷ್ಯರಿಗೆ ಸುಲಭವಾಯಿತು, ಬರಲಿದ್ದ ಯಂತ್ರಕ್ಕೆ ಕಷ್ಟವಾಯಿತು. ಆಣೆಯಲ್ಲೂ ಒಂದು ಅಪವಾದ ಇದೆ. ರೂಪಾಯಿಗೆ 192 ಪೈ ಇದ್ದವಲ್ಲ, ಆ ಪೈ ಮಾತ್ರ ಸರಿಯಾಗಿ ಕೂಡುವುದಿಲ್ಲ. ಯಾಕೆ ಅಂತ ಮನೆಗೆ ಹೋಗಿ ಯೋಚಿಸಿ, 192ರಲ್ಲಿ ಒಂದು ಮೂರು ಅಡಗಿದೆ ಅಂತ ಮಾತ್ರ ಹೇಳುತ್ತೇನೆ. ದುಡ್ಡಿನ ಪ್ರೋಗ್ರಾಂ ಬರೆಯುವವರು ರೂಪಾಯಿಯನ್ನು ದಶಮಾಂಶದಲ್ಲಿ ಇಡದೆ, ಎಲ್ಲವನ್ನೂ ಪೈಸೆ ಮಾಡಿ ಪೂರ್ಣಾಂಕದಲ್ಲಿ ಇಡುವುದು ಇದೇ ಕಾರಣಕ್ಕೆ. ಬ್ಯಾಂಕಿನ ಸಾಫ್ಟ್‌ವೇರ್‌ಗೂ ಇದೇ ಎಚ್ಚರಿಕೆ ಬೇಕು.

ಎರಡನೆಯ ಪಾಠ ಜಾಗದ್ದು. ತೆರೆಯ ಮೇಲೆ 32ಕೆ ಅಂದೆನಲ್ಲ, ಅದು ಯಂತ್ರದ ನೆನಪಿನ ಅಳತೆ, 32 ಕಿಲೋಬೈಟ್. ಅಷ್ಟೂ ನಮ್ಮದಲ್ಲ. ಬಣ್ಣಬಣ್ಣದ ಚಿತ್ರ ಬೇಕು ಅಂತ ಮೋಡ್ 2 ಎಂಬ ತೆರೆಯ ಬಗೆ ಆರಿಸಿಕೊಂಡರೆ ತೆರೆಯೊಂದೇ 20 ಕಿಲೋಬೈಟ್ ನುಂಗುತ್ತಿತ್ತು. ಡಿಸ್ಕ್ ಡ್ರೈವ್ ಇದ್ದರೆ ಅದರದ್ದೂ ಸೇರಿ ಯಂತ್ರದ ಸ್ವಂತ ಖರ್ಚು ಆರೂಕಾಲು ಕಿಲೋಬೈಟ್. ಉಳಿದದ್ದು 5,888 ಬೈಟ್. ನಿಮ್ಮ ಮೊಬೈಲಿನಲ್ಲಿ ಬರುವ ಶುಭೋದಯದ ಹೂವಿನ ಚಿತ್ರಕ್ಕೆ ಇದರ ಎಷ್ಟೋ ಪಟ್ಟು ಬೇಕು. ಬಣ್ಣದ ಚಿತ್ರ ಬೇಡ, ಬರೀ ಅಕ್ಷರ ಸಾಕು ಅಂದರೆ ಮೋಡ್ 7, ಅದಕ್ಕೆ ಒಂದೇ ಕಿಲೋಬೈಟ್. ಹುಡುಗರು ಪ್ರೋಗ್ರಾಂ ಬರೆಯುವ ಮೊದಲೇ ಚೌಕಾಸಿ ಮಾಡುತ್ತಿದ್ದರು: ಬಣ್ಣ ಬೇಕೋ, ಪ್ರೋಗ್ರಾಂ ಉದ್ದ ಬೇಕೋ. ಟಿಪ್ಪಣಿ ಬರೆಯುವ ರೆಮ್ ಸಾಲುಗಳನ್ನು ಮೊದಲು ಅಳಿಸುತ್ತಿದ್ದರು. ಅದು ಕೆಟ್ಟ ಚಾಳಿ, ಒಪ್ಪುತ್ತೇನೆ.

ಕರೆಂಟ್ ಹೋದರೆ ಬರೆದದ್ದೆಲ್ಲ ಹೋಯಿತು. ಬ್ರೇಕ್ ಕೀ ಒತ್ತಿ ಕಳೆದುಕೊಂಡ ಪ್ರೋಗ್ರಾಂ ಆದರೆ ಓಲ್ಡ್ ಅಂತ ಬರೆದರೆ ಮರಳಿ ಬರುತ್ತಿತ್ತು. ಕರೆಂಟ್ ಹೋದದ್ದಕ್ಕೆ ಓಲ್ಡ್ ಇಲ್ಲ. ಬೇಸಿಗೆಯಲ್ಲಿ ಈ ಊರಿನ ಕರೆಂಟಿನ ಕತೆ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಹಾಗಾಗಿ ಕ್ಯಾಸೆಟ್ಟಿಗೆ ಉಳಿಸಿಕೊಳ್ಳುವುದು. ಮನೆಯಲ್ಲಿ ಭಜನೆ ಕೇಳುವ ಅದೇ ಟೇಪ್ ರೆಕಾರ್ಡರ್. ಪ್ರೋಗ್ರಾಂ ಧ್ವನಿಯಾಗಿ ಟೇಪಿಗೆ ಹೋಗುತ್ತಿತ್ತು: ಸೊನ್ನೆಗೆ 1200 ಹರ್ಟ್ಜ್‌ನ ಒಂದು ಅಲೆ, ಒಂದಕ್ಕೆ 2400 ಹರ್ಟ್ಜ್‌ನ ಎರಡು ಅಲೆ. ಸೆಕೆಂಡಿಗೆ ಹೆಚ್ಚೂಕಡಿಮೆ 120 ಬೈಟ್. ವಾಲ್ಯೂಮ್ ಸ್ವಲ್ಪ ಹೆಚ್ಚು ಕಡಿಮೆ ಆದರೂ ಓದಲು ಒಲ್ಲೆ ಅನ್ನುತ್ತಿತ್ತು.

ಕನ್ನಡದ ವಿಷಯಕ್ಕೆ ಬರೋಣ. ಕೀಲಿಮಣೆಯಲ್ಲಿ ಕನ್ನಡ ಇಲ್ಲ, ತೆರೆಯಲ್ಲೂ ಇಲ್ಲ. ಆದರೆ ವಿಡಿಯು 23 ಎಂಬ ಆಜ್ಞೆ ಇತ್ತು. ಎಂಟು ಮನೆ ಅಗಲ, ಎಂಟು ಮನೆ ಎತ್ತರದ ಚೌಕದಲ್ಲಿ ನಿಮಗೆ ಬೇಕಾದ ಅಕ್ಷರವನ್ನು ನೀವೇ ಕೆತ್ತಬಹುದು. ಚೌಕದ ವಹಿ ತೆಗೆದುಕೊಳ್ಳಿ. ಪ್ರತಿ ಸಾಲಿನ ಮನೆಗಳಿಗೆ ಎಡದಿಂದ 128, 64, 32, 16, 8, 4, 2, 1 ಅಂತ ಬೆಲೆ. ತುಂಬಿದ ಮನೆಗಳ ಬೆಲೆ ಕೂಡಿಸಿದರೆ ಆ ಸಾಲಿನ ಸಂಖ್ಯೆ. ನಮ್ಮ ಠ ಎಲ್ಲಕ್ಕಿಂತ ಸುಲಭ:

ವಿಡಿಯು 23, 224, 126, 60, 66, 129, 153, 129, 66, 60

ಇಲ್ಲಿ 126 ತಲೆಕಟ್ಟು. ನಡುವಿನ 153 ನೋಡಿ: ಎರಡೂ ಅಂಚಿಗೆ 128 ಮತ್ತು 1, ಒಳಗಿನ ಬೊಟ್ಟಿಗೆ 16 ಮತ್ತು 8. ಆಮೇಲೆ 224ನೇ ಅಕ್ಷರವನ್ನು ಪ್ರಿಂಟ್ ಮಾಡು ಅಂದರೆ ತೆರೆಯ ಮೇಲೆ ಠ. ಮೋಡ್ 7 ಬಿಟ್ಟು ಉಳಿದ ಮೋಡ್‌ಗಳಲ್ಲಿ ಮಾತ್ರ, ನೆನಪಿರಲಿ. (ಇವತ್ತು ಜಗತ್ತಿನ ಮಂದಿ ಇದೇ ಠ ಎರಡು ಬರೆದು, ನಡುವೆ ಗೆರೆ ಎಳೆದು, ಗುರಾಯಿಸುವ ಮುಖ ಮಾಡಿಕೊಂಡಿದ್ದಾರೆ. ಅವರಲ್ಲಿ ಬಹಳಷ್ಟು ಮಂದಿಗೆ ಅದು ಕನ್ನಡದ್ದು ಅಂತಲೇ ಗೊತ್ತಿಲ್ಲ.)

ಹೀಗೆ ಕೆತ್ತಲು ಸುಲಭವಾಗಿ ಸಿಗುತ್ತಿದ್ದ ಜಾಗ 32 ಅಕ್ಷರಕ್ಕೆ. ಸ್ಪೆಕ್ಟ್ರಮ್‌ನಲ್ಲಿ 21. ನಮ್ಮ ವ್ಯಂಜನಗಳೇ 34. ಸ್ವರ, ಕಾಗುಣಿತ ಎಲ್ಲ ಬಿಟ್ಟರೂ ಸಾಲದು. ಹೆಚ್ಚಿನ ಜಾಗ ಕೇಳಿ ಪಡೆಯಬಹುದಿತ್ತು, ಆದರೆ 32 ಅಕ್ಷರಕ್ಕೆ 256 ಬೈಟಿನಂತೆ ಅದು ನಮ್ಮ 5,888ರಿಂದಲೇ ಮುರಿಯುತ್ತಿತ್ತು. ಹಾಗಾಗಿ ಬೇಕಾದ ಪದಕ್ಕೆ ಬೇಕಾದಷ್ಟೇ ಅಕ್ಷರ. ಬೆಳಗಾವಿ, ಬಾಗಲಕೋಟೆ, ವಿಜಾಪುರ (ಆಗ ಹಾಗೇ ಅನ್ನುತ್ತಿದ್ದೆವು), ಇಂಡಿ, ಹುನಗುಂದ, ಇವೆಲ್ಲ ಸಾಧು ಊರುಗಳು, ಒತ್ತಕ್ಷರ ಇಲ್ಲ. ಮುದ್ದೇಬಿಹಾಳ ಬಂತೋ, ಕೆಲಸ ಕೆಟ್ಟಿತು. ದಕಾರದ ಒತ್ತು ಕೆಳಗಿನ ಚೌಕಕ್ಕೆ ಇಳಿಯಬೇಕು, ಅಂದರೆ ಒಂದು ಸಾಲು ಬರೆಯಲು ತೆರೆಯ ಎರಡು ಸಾಲು ಬೇಕು. ಅಕ್ಷರ ಅಂದರೆ ಒಂದು ಮನೆ ಎಂದು ತಿಳಿದು ಮಾಡಿದ ಯಂತ್ರ ಅದು, ನಮ್ಮ ಲಿಪಿ ಆ ಲೆಕ್ಕಕ್ಕೆ ಕೂರುವುದಿಲ್ಲ. ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ, ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ತಂದ ಜಿಸ್ಟ್ ಕಾರ್ಡ್ ಆಗಲಿ, ಆಮೇಲೆ ಎಲ್ಲ ಭಾಷೆಗಳ ಅಕ್ಷರಕ್ಕೆ ಸಂಖ್ಯೆ ಕೊಡುವ ಯೂನಿಕೋಡ್ ಆಗಲಿ, ಯಾವ ಕಷ್ಟ ಬಿಡಿಸಲು ಬಂದವು ಎಂಬುದು ಮುದ್ದೇಬಿಹಾಳ ಕೆತ್ತಲು ಕೂತವನಿಗೆ ಬೇರೆ ಹೇಳಬೇಕಾಗಿಲ್ಲ.

ಈ ಊರಲ್ಲಿ ಮಾತಾಡುತ್ತಾ ಗೋಳಗುಮ್ಮಟ ಬಿಟ್ಟರೆ ನೀವು ಬೈಯುತ್ತೀರಿ. ಸುಮಾರು 44 ಮೀಟರ್ ಹೊರವ್ಯಾಸದ ಆ ಗುಮ್ಮಟ ಚೌಕಾಕಾರದ ಕಟ್ಟಡದ ಮೇಲೆ ಹೇಗೆ ಕೂತಿದೆ? ಒಳಗೆ ನಿಂತು ತಲೆ ಎತ್ತಿದರೆ ಒಂದಕ್ಕೊಂದು ಹೆಣೆದುಕೊಂಡ ಕಮಾನುಗಳು ಕಾಣುತ್ತವೆ. ಅವುಗಳ ನಕ್ಷೆ ಎರಡು ಚೌಕ, ಒಂದರ ಮೇಲೆ ಇನ್ನೊಂದನ್ನು 45 ಡಿಗ್ರಿ ತಿರುಗಿಸಿ ಇಟ್ಟದ್ದು. ಗೆರೆ ಎಳೆಯುವ ಮೂವ್, ಡ್ರಾ ಆಜ್ಞೆಗಳು, ಜೊತೆಗೆ ಸೈನ್, ಕಾಸ್ ಗೊತ್ತಿದ್ದರೆ ಎಂಟು ಹತ್ತು ಸಾಲಿನಲ್ಲಿ ಆ ನಕ್ಷೆ ತೆರೆಯ ಮೇಲೆ ಬರುತ್ತದೆ. ಹತ್ತನೇ ತರಗತಿಯಲ್ಲಿ ತ್ರಿಕೋನಮಿತಿ ಯಾಕೆ ಓದಬೇಕು ಅನ್ನುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಮಾರ್ದನಿ ಇನ್ನೂ ಸುಲಭ. ಏಳು ಸಲ ಕೇಳುತ್ತದೆ ಅಂತ ಗೈಡ್‌ಗಳು ಹೇಳುತ್ತಾರಲ್ಲ:

10 ಫಾರ್ ವಿ = -14 ಟು -2 ಸ್ಟೆಪ್ 2
20 ಸೌಂಡ್ 1, ವಿ, 101, 4
30 ಸೌಂಡ್ 1, 0, 101, 6
40 ನೆಕ್ಸ್ಟ್ ವಿ

ಇದರಲ್ಲಿ ಎರಡನೆಯ ಅಂಕೆ ಸದ್ದಿನ ಜೋರು: -15 ಅತಿ ಜೋರು, 0 ಮೌನ. ಕೊನೆಯದು ಕಾಲ, ಸೆಕೆಂಡಿನ ಇಪ್ಪತ್ತನೇ ಒಂದು ಭಾಗದ ಲೆಕ್ಕದಲ್ಲಿ. ಎಣಿಸಿಕೊಳ್ಳಿ, ಸರಿಯಾಗಿ ಏಳು ಸಲ ಬರುತ್ತದೆ.

ಬೇಸಿಕ್ ಬಗ್ಗೆ ಮಾತಾಡಿದಲ್ಲೆಲ್ಲ ಒಬ್ಬರಾದರೂ ಡೈಕ್‌ಸ್ಟ್ರಾ ಹೆಸರು ಎತ್ತುತ್ತಾರೆ. ಡಚ್ ವಿಜ್ಞಾನಿ, ದೊಡ್ಡ ಮನುಷ್ಯ. ಬೇಸಿಕ್ ಕಲಿತು ಬಂದವರಿಗೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದು ಹೆಚ್ಚುಕಡಿಮೆ ಅಸಾಧ್ಯ ಅಂತ 1975ರಲ್ಲೇ ಬರೆದರು. ಬೇರೆ ಸಾಲಿಗೆ ಜಿಗಿ ಅನ್ನುವ ಗೋಟು ಆಜ್ಞೆ ಹಾಕಿ ಹಾಕಿ ಸಿಕ್ಕುಗಟ್ಟಿದ ಉದ್ದ ಪ್ರೋಗ್ರಾಂಗಳನ್ನು ನೋಡಿದವರಿಗೆ ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ 5,888 ಬೈಟಿನಲ್ಲಿ ಎಷ್ಟು ದೂರ ದಾರಿ ತಪ್ಪಲು ಸಾಧ್ಯ? ಮತ್ತೆ ಬಿಬಿಸಿ ಬೇಸಿಕ್‌ನಲ್ಲಿ ಹೆಸರಿಟ್ಟು ಕರೆಯುವ ಪ್ರೊಸೀಜರ್ ಇತ್ತು, ರಿಪೀಟ್-ಅಂಟಿಲ್ ಇತ್ತು, ಗೋಟು ಇಲ್ಲದೆಯೇ ಬರೆಯಬಹುದಿತ್ತು. ಡಾರ್ಟ್‌ಮತ್‌ನ ಇಬ್ಬರಿಗೂ ಸಣ್ಣ ಯಂತ್ರಗಳ ಬೇಸಿಕ್ ಹಿಡಿಸಲಿಲ್ಲ. ಬೀದಿ ಬೇಸಿಕ್ ಅಂತ ಜರಿದು, ಟ್ರೂ ಬೇಸಿಕ್ ಅಂತ ಬೇರೆಯದನ್ನೇ ತಂದರು. ಅದು ಶಿಸ್ತಿನದಾಗಿತ್ತು. ಮಕ್ಕಳು ಮಾತ್ರ ಬೀದಿಯದರಲ್ಲೇ ಕಲಿತರು, ಸ್ವಿಚ್ ಹಾಕಿದರೆ ಸಿಗುತ್ತಿದ್ದದ್ದು ಅದೇ ಆದ್ದರಿಂದ.

ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಒಬ್ಬ ಹುಡುಗ ಕೇಳಿದ: "ಸರ್ರ, ಕೆಲಸ ಸಿಗಬೇಕಂದ್ರ ಇದನ್ನ ಕಲತು ಏನ್ ಮಾಡೂದ್ರಿ?" ಕೆಲಸಕ್ಕೆ ಪೈಥಾನ್ ಕಲಿ ತಮ್ಮಾ, ಬೇಸಿಕ್ ಯಾರೂ ಕೇಳುವುದಿಲ್ಲ. ಆದರೆ ಪೈಥಾನ್ 0.9999999999999999 ಅಂದಾಗ ಹೆದರದೆ ಇರಬೇಕಾದರೆ ಒಂದೆರಡು ಭಾನುವಾರ ಇದರ ಜೊತೆ ಕಳೆ. ಜೆಎಸ್‌ಬೀಬ್ ಎಂಬ ಎಮ್ಯುಲೇಟರ್, ಅಂದರೆ ಬಿಬಿಸಿ ಮೈಕ್ರೋವಿನ ಸಾಫ್ಟ್‌ವೇರ್ ನಕಲು, ಬ್ರೌಸರಿನಲ್ಲೇ ತೆರೆಯುತ್ತದೆ, ಕಾಸಿಲ್ಲ, ಇನ್‌ಸ್ಟಾಲ್ ಮಾಡುವುದಿಲ್ಲ. ಇವತ್ತು ನಾನು ತೋರಿಸಿದ ಠಕಾರ, ಮಾರ್ದನಿ ಎರಡೂ ಅದರಲ್ಲಿ ಓಡುತ್ತವೆ.

ಇನ್ನೊಂದು ಪ್ರಶ್ನೆ ಶಿಕ್ಷಕಿಯೊಬ್ಬರದು. ಅವರ ಶಾಲೆಯ ಸ್ಟೋರ್ ರೂಮಿನಲ್ಲಿ ಹಳೆಯ ಬಿಬಿಸಿ ಪೆಟ್ಟಿಗೆ ಇದೆಯಂತೆ, ಮಕ್ಕಳಿಗೆ ಚಾಲೂ ಮಾಡಿ ತೋರಿಸಬಹುದೇ ಅಂದರು. ತೋರಿಸಬಹುದು ಅಕ್ಕಾರ, ಆದರೆ ನೇರ ಪ್ಲಗ್ಗಿಗೆ ಹಾಕಬೇಡಿ. ಆ ಯಂತ್ರದ ಪವರ್ ಸಪ್ಲೈಯಲ್ಲಿ ಫಿಲ್ಟರ್ ಕೆಪ್ಯಾಸಿಟರ್‌ಗಳಿವೆ. ವಯಸ್ಸಾದ ಮೇಲೆ ಅವುಗಳ ಮೈ ಬಿರುಕು ಬಿಟ್ಟು ತೇವ ಹೀರಿಕೊಳ್ಳುತ್ತವೆ. ಕರೆಂಟ್ ಕೊಟ್ಟ ಸ್ವಲ್ಪ ಹೊತ್ತಿಗೆ ಪಟ್ಟಂತ ಸಿಡಿದು ಕೋಣೆ ತುಂಬ ನಾರುವ ಹೊಗೆ. ಟಿವಿ ರಿಪೇರಿ ಗೊತ್ತಿರುವವರ ಕೈಯಲ್ಲಿ ಮೊದಲು ಅವನ್ನು ಬದಲಿಸಿ, ಬದಲಿಗೆ ಎಕ್ಸ್2 ದರ್ಜೆಯವನ್ನೇ ಹಾಕಲು ಹೇಳಿ. ಆಮೇಲೆ ಸ್ವಿಚ್ ಹಾಕಿ.